ನಡು ಬಾಗುವ ಯಂತ್ರದ ಆರೈಕೆ

ಗೋವೆಯ ಡಿಚೋಲಿ ಕಡೆಯ ಗಣಿಗಳಲ್ಲಿ ಕಬ್ಬಿಣದ ಅದಿರನ್ನು ಮೊಗೆದು ಲಾರಿಗೆ ತುಂಬುವ ದೊಡ್ಡ ಲೋಡರುಗಳನ್ನು ನಾವು ನೋಡಿದ್ದೇವೆ. ಇವುಗಳ ಮುಂದಿನ ಗಾಲಿಗಳು ಕಾರಿನ ಗಾಲಿಗಳಂತೆ ಹೊರಳುವುದಿಲ್ಲ. ಯಂತ್ರವೇ ನಡುವಿನಲ್ಲಿ ಬಾಗಿ ತಿರುಗುತ್ತದೆ. ಹಾಗೆ ಬಾಗಿಸುವುದು ಸಿಲಿಂಡರುಗಳೊಳಗಿನ ಎಣ್ಣೆಯ ಒತ್ತಡ. ನಾವು ತರಗತಿಯಲ್ಲಿ ಓದುವ ಪ್ಯಾಸ್ಕಲನ ನಿಯಮವೇ ಇಲ್ಲಿ ದುಡಿಯುತ್ತದೆ.

ಎಣ್ಣೆ ಕಡಿಮೆಯಾದರೆ ಪಂಪು ಗಾಳಿಯನ್ನೆಳೆದು ಸ್ಟಿಯರಿಂಗು ತಡವರಿಸುತ್ತದೆ. ಆದ್ದರಿಂದ ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ ದಿನವೂ ಎಣ್ಣೆಯ ಮಟ್ಟವನ್ನು ನೋಡಬೇಕು. ಧೂಳು ಒಳಗೆ ಬೀಳದಂತೆ ಮುಚ್ಚಳವನ್ನು ಒರೆಸಿಯೇ ತೆರೆಯಬೇಕು. ನಡುವಿನ ಕೀಲಿಗೆ ಗ್ರೀಸು ಕೊಡಬೇಕು.

ಸೋರಿಕೆಯನ್ನು ಬರಿಗೈಯಿಂದ ಹುಡುಕಬಾರದು. ಸೂಜಿಯಂಥ ಎಣ್ಣೆಯ ಧಾರೆ ಚರ್ಮವನ್ನೇ ತೂರಬಲ್ಲದು. ರಟ್ಟಿನ ತುಂಡು ಹಿಡಿದು ನೋಡಬೇಕು. ಕೀಲಿನ ಬಳಿ ಕೆಲಸಕ್ಕಿಳಿಯುವ ಮೊದಲು ಎಂಜಿನ್ ನಿಲ್ಲಿಸಿ, ಯಂತ್ರ ಬಾಗದಂತೆ ತಡೆಯುವ ಉಕ್ಕಿನ ಸರಳನ್ನು ಸಿಕ್ಕಿಸಲೇಬೇಕು. ಇದನ್ನು ಮರೆತರೆ ಜೀವಕ್ಕೇ ಅಪಾಯ. ಮುಂದೆ ಮೆಕ್ಯಾನಿಕರಾಗಬಯಸುವ ಗೆಳೆಯರು ಈ ಮಾತನ್ನು ನೆನಪಿಡಲಿ.