ನಿಮಗಿದು ಗೊತ್ತೆ? ಹೆಸರು ಹೇಳದ ರಕ್ಕಸ

ಕೊಯೊಹಾರು ಗೊಟೋಗೆ 2016ರಿಂದ 2020ರವರೆಗೆ ಬರೆದ ಜಪಾನಿ ಚಿತ್ರಕಥೆ ‘ಡೀಮನ್ ಸ್ಲೇಯರ್’ 23 ಸಂಪುಟಗಳಷ್ಟಿದೆ. ಅದರ ಖಳ ಮುಜಾನ್ ಮೊದಲು ರೋಗಿಷ್ಠ ಮನುಷ್ಯ. ವೈದ್ಯನ ಔಷಧಿಯಿಂದ ರಕ್ಕಸನಾದವನು. ಬಿಸಿಲೊಂದೇ ಅವನ ಸಾವು. ಅವನ ಕೈಕೆಳಗಿನ ರಕ್ಕಸರು ಅವನ ಹೆಸರೆತ್ತಿದರೂ ಸಾಯುತ್ತಾರೆ. ಕುಂದಗೋಳ, ನವಲಗುಂದ ಕಡೆಯ ದೊಡ್ಡಾಟವೆಂಬ ಬಯಲಾಟ ನೋಡಿದವರಿಗೆ ಇದು ತಿರುಗಾಮುರುಗಾ ಅನ್ನಿಸೀತು. ಅಲ್ಲಿ ಕಿರೀಟ, ಭುಜಕೀರ್ತಿ ಹೊತ್ತು ಅಟ್ಟ ನಡುಗುವಂತೆ ಕುಣಿದು ಬರುವ ರಕ್ಕಸನಿಗೆ ಆಟ ನಡೆಸುವ ಸಾರಥಿ ಮೊದಲು ಕೇಳುವುದೇ ‘ತಾವು ಯಾರು?’ ಎಂದು. ಅವನೋ ಹೆಸರು, ಊರು, ಪರಾಕ್ರಮ ಎಲ್ಲವನ್ನೂ ಗರ್ಜಿಸಿ ಒಪ್ಪಿಸುತ್ತಾನೆ.

ಪರಿಚಯವಾದ ಮೇಲೆ ಭಯವೆಲ್ಲಿ ಎನ್ನಬಹುದು. ಆದರೆ ದೊಡ್ಡಾಟದ ಭಯ ಗುಟ್ಟಿನದಲ್ಲ, ಸೊಕ್ಕಿನದು. ಅಲ್ಲಿನ ಹಿರಣ್ಯಕಶಿಪು ಅಡಗುವುದೇ ಇಲ್ಲ. (ಅಡಗಿದರೆ ಅಷ್ಟು ದೊಡ್ಡ ವೇಷ ಯಾಕೆ?) ಒಬ್ಬನಿಗೆ ತಪಸ್ಸಿನ ವರ, ಇನ್ನೊಬ್ಬನಿಗೆ ಔಷಧಿ, ಹೋಲಿಕೆ ಹೇಗೆ ಎಂಬ ಆಕ್ಷೇಪವೂ ಸರಿಯೇ. ಒಂದು ಇನ್ನೊಂದರ ನಕಲು ಎಂಬ ವಾದ ಇಲ್ಲಿಲ್ಲ. ಇಬ್ಬರೂ ಅಂಜುವುದು ಮಾತ್ರ ಸಾವಿಗೆ, ಇಬ್ಬರ ಕೇಡೂ ಹೊತ್ತಿನಲ್ಲೇ ಇದೆ: ಹಗಲೂ ಅಲ್ಲದ ಇರುಳೂ ಅಲ್ಲದ ಮುಸ್ಸಂಜೆ ಹಿರಣ್ಯಕಶಿಪುವನ್ನು ನುಂಗಿತು, ಮುಜಾನನನ್ನು ಸೂರ್ಯೋದಯ.