ಮಹಾವೀರಾಚಾರ್ಯನ ಸೊನ್ನೆ

ಇಂದಿರಾನಗರಕ್ಕೆ ತಾಗಿಕೊಂಡಿರುವ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಹಳೆಯ ತಮಿಳು ಶಾಸನಗಳಿವೆ. ತಮಿಳಿನ ಸಾಂಪ್ರದಾಯಿಕ ಅಂಕಿಪದ್ಧತಿಯಲ್ಲಿ 10, 100 ಮತ್ತು 1000ಕ್ಕೆ ಬೇರೆ ಬೇರೆ ಚಿಹ್ನೆಗಳಿದ್ದವು. ಇನ್ನೂರ ಐದನ್ನು ಬರೆಯಲು ಎರಡು, ನೂರರ ಚಿಹ್ನೆ, ಐದು ಇಷ್ಟೇ ಸಾಕಿತ್ತು. ಸೊನ್ನೆಯ ಅಗತ್ಯವೇ ಬೀಳುತ್ತಿರಲಿಲ್ಲ. ೨೦೫ ಎಂದು ಬರೆಯುವ ಸ್ಥಾನಬೆಲೆ ಪದ್ಧತಿಯಲ್ಲಾದರೋ ಎರಡಕ್ಕೆ ಇನ್ನೂರರ ಬೆಲೆ ಬರುವುದು ಅದು ನಿಂತ ಜಾಗದಿಂದ. ಆ ಜಾಗವನ್ನು ಕಾಯುವುದು ನಡುವಿನ ಸೊನ್ನೆ. ಅದನ್ನು ತೆಗೆದರೆ ಉಳಿಯುವುದು ಬರೀ ಇಪ್ಪತ್ತೈದು.

ಜಾಗ ಕಾಯುವ ಗುರುತನ್ನು ಬ್ಯಾಬಿಲೋನಿಯದವರೂ ಬಳಸಿದ್ದರು. ಸೊನ್ನೆಯನ್ನೇ ಒಂದು ಸಂಖ್ಯೆಯೆಂದು ಒಪ್ಪಿ, ಕೂಡಿ ಕಳೆದು ಗುಣಿಸುವ ನಿಯಮಗಳನ್ನು ವಿಧಿಸಿದ್ದು ಬ್ರಹ್ಮಗುಪ್ತ, 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ.

ಆ ಸೊನ್ನೆ ಕನ್ನಡ ನಾಡಿನಲ್ಲಿ ಆಭರಣವೂ ಆಯಿತು. ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ, 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಅದರ ಗುಣಾಕಾರದ ಲೆಕ್ಕಗಳಲ್ಲಿ ಕೆಲವಕ್ಕೆ ಬರುವ ಉತ್ತರಗಳು ಕಂಠಾಭರಣಗಳು. 142857143ನ್ನು 7ರಿಂದ ಗುಣಿಸಿದರೆ 1000000001: ಎರಡು ತುದಿಗಳಲ್ಲಿ ಒಂದೊಂದು, ನಡುವೆ ಎಂಟು ಸೊನ್ನೆ. 333333666667ನ್ನು 33ರಿಂದ ಗುಣಿಸಿದರೆ 11000011000011, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಸ್ಥಾನಬೆಲೆಯಲ್ಲಿ ಪೂರ್ಣವಾಗಿ ಪಳಗಿದ ಮನಸ್ಸಿಗಷ್ಟೇ ಇಂಥ ಸೊಗಸು ಹೊಳೆದೀತು.

ಭಾಗಾಕಾರದಲ್ಲಿ ಮಾತ್ರ ಆತ ಎಡವಿದ. ಸೊನ್ನೆಯಿಂದ ಗುಣಿಸಿದ ಸಂಖ್ಯೆ ಸೊನ್ನೆಯಾಗುತ್ತದೆ ಎಂದವನೇ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದೂ ಹೇಳಿದ. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ರಾಶಿ ಇದ್ದಂತೆಯೇ ಇರುತ್ತದಲ್ಲ ಎಂಬ ಸಹಜ ಯೋಚನೆ ಇದರ ಹಿಂದೆ ಇದ್ದಿರಬಹುದು. ಆದರೆ 5 ÷ 0 = 5 ಆದರೆ 5 × 0 ಕೂಡ 5 ಆಗಬೇಕಾಗುತ್ತದೆ; ಎರಡು ನಿಯಮಗಳು ಒಟ್ಟಿಗೆ ನಿಲ್ಲಲಾರವು. 1150ರ ಹೊತ್ತಿಗೆ ಎರಡನೆಯ ಭಾಸ್ಕರ ಈ ಭಾಗಲಬ್ಧವನ್ನು ‘ಖಹರ’ವೆಂದು ಕರೆದು ಅನಂತಕ್ಕೆ ಹೋಲಿಸಿದ. ಇಂದಿನ ಗಣಿತ ಅದಕ್ಕೆ ಬೆಲೆಯನ್ನೇ ಕೊಡುವುದಿಲ್ಲ. ಇಬ್ಬರು ಮಹಾಮೇಧಾವಿಗಳು ಒಂದೇ ಪ್ರಶ್ನೆಯ ಮುಂದೆ ಶತಮಾನಗಳ ಅಂತರದಲ್ಲಿ ನಿಂತು ಯೋಚಿಸಿದ್ದೇ ದೊಡ್ಡ ಸಂಗತಿ, ಏಕೆಂದರೆ ಪ್ರಶ್ನೆ ಅಷ್ಟು ಆಳವಾದದ್ದು.

ಹಲಸೂರಿನಿಂದ ಇಂದಿರಾನಗರದತ್ತ ಹೊರಟ ಮೆಟ್ರೊ ರೈಲಿನ ವೇಗ ಒಂದು ನಿರ್ದಿಷ್ಟ ಕ್ಷಣದಲ್ಲಿ ಎಷ್ಟು? ಆ ಕ್ಷಣಕ್ಕೆ ಅವಧಿಯಿಲ್ಲ, ಅದರೊಳಗೆ ಸಾಗಿದ ದೂರವೂ ಇಲ್ಲ. ಲೆಕ್ಕ 0 ÷ 0ಕ್ಕೆ ಬಂದು ನಿಲ್ಲುತ್ತದೆ. 17ನೆಯ ಶತಮಾನದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ರೂಪಿಸಿದ ಕಲನಶಾಸ್ತ್ರ ಇದಕ್ಕೆ ದಾರಿ ತೆರೆಯಿತು. ಅವಧಿಯನ್ನು ಸೊನ್ನೆಯೆಂದೇ ಹಿಡಿಯದೆ, ಸೊನ್ನೆಯ ಕಡೆಗೆ ಕುಗ್ಗಿಸುತ್ತ ಹೋದಂತೆ ಭಾಗಲಬ್ಧ ಯಾವ ಬೆಲೆಯನ್ನು ಸಮೀಪಿಸುತ್ತದೆ ಎಂದು ನೋಡುವ ದಾರಿ ಅದು. ಹಾಗೆ ಸಮೀಪಿಸುವುದಕ್ಕೆ ನಿಖರವಾದ ವ್ಯಾಖ್ಯೆ ಸಿಕ್ಕಿದ್ದು 19ನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ ರಚನೆಯಾದ ಸುಮಾರು ಸಾವಿರ ವರ್ಷಗಳ ಬಳಿಕ.