ಮರಣಭಯವೂ ಮತಗಳ ಸಮಾಧಾನವೂ

ಹುಟ್ಟಿದವನು ಸಾಯಲೇಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೂ ಮನೆಯಲ್ಲಿ ಯಾರಾದರೂ ಸಾವಿನ ಮಾತೆತ್ತಿದರೆ "ಬಿಡ್ತು ಅನ್ನು" ಎಂದು ಅವರ ಬಾಯಿ ಮುಚ್ಚಿಸುತ್ತೇವೆ. ಲೋಕದಲ್ಲಿ ಅತ್ಯಂತ ಆಶ್ಚರ್ಯಕರವಾದುದು ಯಾವುದೆಂದು ಯಕ್ಷನು ಕೇಳಿದಾಗ, ಕಣ್ಣೆದುರಿಗೆ ಪ್ರತಿದಿನವೂ ಜೀವಿಗಳು ಸಾಯುತ್ತಿದ್ದರೂ ಉಳಿದವರು ತಮಗೆ ಸಾವಿಲ್ಲವೆಂಬಂತೆ ನಡೆದುಕೊಳ್ಳುವುದೇ ಆಶ್ಚರ್ಯವೆಂಬ ಅರ್ಥದ ಉತ್ತರವನ್ನು ಧರ್ಮರಾಯನು ಕೊಟ್ಟನೆಂದು ಮಹಾಭಾರತವು ಹೇಳುತ್ತದೆ. ನಾವು ಮರೆತಂತೆ ನಟಿಸಿದ ಮಾತ್ರಕ್ಕೆ ಭಯವೇನೂ ಹೋಗುವುದಿಲ್ಲ. ಅದು ಒಳಗೆ ಅಡಗಿ ಕುಳಿತಿರುತ್ತದೆಯಷ್ಟೆ.

ಈ ಲೇಖನಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಹಿಂದಿನ ಬೇಸಗೆಯ ರಜದಲ್ಲಿ ನಾನು ಊರಿಗೆ ಹೋದಾಗ ನಮ್ಮ ತಾತನವರು ಹಾಸಿಗೆ ಹಿಡಿದಿದ್ದರು. ರಾತ್ರಿ ಅವರ ಬಳಿ ಮಲಗುವ ಸರದಿ ನನ್ನದಾಗಿತ್ತು. ಒಂದು ರಾತ್ರಿ ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದು, "ನನಗೆ ಹೆದರಿಕೆಯಾಗುತ್ತದಪ್ಪ" ಎಂದರು. ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಾನು, ತರಗತಿಯಲ್ಲಿ ಕೇಳಿದ್ದನ್ನೆಲ್ಲ ನೆನಪಿಗೆ ತಂದುಕೊಂಡು, ಆತ್ಮಕ್ಕೆ ಸಾವಿಲ್ಲವೆಂದೂ ಸಾಯುವುದು ದೇಹ ಮಾತ್ರವೆಂದೂ ಬಹಳ ಹೊತ್ತು ಹೇಳಿದೆ. ಅವರು ಸುಮ್ಮನೆ ಕೇಳಿಕೊಂಡು, ಕೊನೆಗೆ ಗೋಡೆಯ ಕಡೆಗೆ ಮುಖ ತಿರುಗಿಸಿದರು. ನನ್ನ ಉಪದೇಶವು ಅವರನ್ನು ಮುಟ್ಟಲಿಲ್ಲವೆಂಬುದು ಆಗಲೇ ತಿಳಿಯಿತು. ಏಕೆ ಮುಟ್ಟಲಿಲ್ಲವೆಂಬುದು ತಿಳಿಯಲು ಇನ್ನೂ ಕೆಲವು ದಿನಗಳು ಬೇಕಾದುವು. ಕಾಲೇಜಿಗೆ ಹಿಂದಿರುಗಿದ ಮೇಲೆ ಪುಸ್ತಕಭಂಡಾರದಲ್ಲಿ ಕುಳಿತು ಓದಿದುದನ್ನೂ ಅಂದು ಕಂಡುದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮರಣಭಯವೆಂದು ನಾವು ಒಂದೇ ಹೆಸರಿನಿಂದ ಕರೆಯುವುದು ವಾಸ್ತವವಾಗಿ ಒಂದೇ ಭಯವಲ್ಲ. ಅದರಲ್ಲಿ ನಾಲ್ಕು ಭಯಗಳಾದರೂ ಸೇರಿವೆ. ನಾನು ಇಲ್ಲವಾಗಿಬಿಡುತ್ತೇನೆಂಬುದು ಮೊದಲನೆಯದು. ಸತ್ತಮೇಲೆ ಏನು ಕಾದಿದೆಯೋ ಎಂಬುದು ಎರಡನೆಯದು. ಸಾಯುವಾಗ ಎಷ್ಟು ನೋವೋ, ಎಷ್ಟು ಸಂಕಟವೋ ಎಂಬುದು ಮೂರನೆಯದು. ನನ್ನವರನ್ನು ಬಿಟ್ಟು ಹೋಗಬೇಕಲ್ಲ, ಮಾಡಬೇಕಾದುದು ಮುಗಿಯಲಿಲ್ಲವಲ್ಲ ಎಂಬುದು ನಾಲ್ಕನೆಯದು. ಹೊಟ್ಟೆನೋವಿಗೆ ಕಣ್ಣಿನ ಔಷಧವನ್ನು ಹಾಕಿದರೆ ಗುಣವಾದೀತೆ? ಆದುದರಿಂದ ಒಂದೊಂದಕ್ಕೂ ಹಿಂದಿನವರು ಕಂಡುಕೊಂಡ ಪರಿಹಾರವೇನೆಂಬುದನ್ನು ಬೇರೆಬೇರೆಯಾಗಿಯೇ ನೋಡೋಣ.

ಮೊದಲನೆಯದು ಇಲ್ಲವಾಗುವ ಭಯ. ಕಠೋಪನಿಷತ್ತಿನಲ್ಲಿ ಬಾಲಕ ನಚಿಕೇತನು ಯಮನನ್ನು ಕೇಳುವ ಮೂರನೆಯ ವರ ಇದೇ: ಸತ್ತವನು ಇದ್ದಾನೆಯೆ, ಇಲ್ಲವೆ? ಯಮನು ಧನಕನಕಗಳ ಆಸೆ ತೋರಿಸಿದರೂ ಹುಡುಗನು ಬಿಡುವುದಿಲ್ಲ. ಆಗ ಯಮನು ಹುಟ್ಟುಸಾವುಗಳಿಲ್ಲದ ಆತ್ಮನ ವಿಚಾರವನ್ನು ತಿಳಿಸುತ್ತಾನೆ. ಇದಕ್ಕೆ ನೇರವಾಗಿ ಎದುರಾದುದು ಗ್ರೀಸ್ ದೇಶದ ಎಪಿಕ್ಯೂರಸನ (ಕ್ರಿ. ಪೂ. ೩೪೧–೨೭೦) ಮತ. ಅವನ ಪ್ರಕಾರ ಆತ್ಮವೂ ಅಣುಗಳಿಂದ ಆದುದು, ದೇಹದೊಡನೆಯೇ ಚದರಿಹೋಗತಕ್ಕದ್ದು. ನಾವಿರುವ ತನಕ ಸಾವಿಲ್ಲ, ಸಾವು ಬಂದಾಗ ನಾವಿಲ್ಲ. ಅನುಭವಿಸುವವನೇ ಇಲ್ಲದಿರುವಾಗ ಹೆದರಬೇಕಾದವರಾರು ಎಂಬುದು ಅವನ ವಾದ. ಅವನ ಅನುಯಾಯಿಯಾದ ರೋಮಿನ ಕವಿ ಲುಕ್ರೀಷಿಯಸನು ಇನ್ನೊಂದು ಮಾತನ್ನು ಸೇರಿಸಿದನು. ನಾವು ಹುಟ್ಟುವ ಮೊದಲು ಕಳೆದ ಅನಂತಕಾಲಕ್ಕಾಗಿ ನಾವಾರೂ ದುಃಖಪಡುವುದಿಲ್ಲ. ಹಾಗಿರುವಾಗ ಸತ್ತ ಅನಂತರದ ಕಾಲಕ್ಕಾಗಿ ದುಃಖಪಡುವುದೇಕೆ? ಕ್ರಿ. ಪೂ. ೩೯೯ರಲ್ಲಿ ಮರಣದಂಡನೆಗೆ ಗುರಿಯಾದ ಸಾಕ್ರಟೀಸನಾದರೋ ಎರಡು ಸಾಧ್ಯತೆಗಳನ್ನೂ ತೆರೆದಿಟ್ಟನು. ಸಾವು ಕನಸಿಲ್ಲದ ನಿದ್ರೆಯಾಗಿರಬಹುದು, ಇಲ್ಲವೆ ಹಿಂದೆ ಹೋದವರೆಲ್ಲ ಇರುವ ಸ್ಥಳಕ್ಕೆ ಪ್ರಯಾಣವಾಗಿರಬಹುದು. ಎರಡರಲ್ಲಿ ಯಾವುದಾದರೂ ಕೆಡುಕಲ್ಲವೆಂದು ಅವನು ನ್ಯಾಯಾಧೀಶರೆದುರಿಗೆ ಹೇಳಿದುದನ್ನು ಪ್ಲೇಟೋ ಬರೆದಿಟ್ಟಿದ್ದಾನೆ. ಆತ್ಮ ಉಳಿಯುತ್ತದೆಂಬವನೂ ಉಳಿಯುವುದಿಲ್ಲವೆಂಬವನೂ ನಿರ್ಧರಿಸಲಾಗದೆಂಬವನೂ ಸಮಾಧಾನದಿಂದಿರುವುದು ಸಾಧ್ಯವೆಂಬುದನ್ನು ನಾವು ಇಲ್ಲಿ ಗಮನಿಸಬೇಕು.

ಹಾಗಾದರೆ ಸಿದ್ಧಾಂತವೊಂದನ್ನು ಒಪ್ಪಿದ ಮಾತ್ರಕ್ಕೆ ಭಯ ಹೋಗುವುದೆ? ಇಲ್ಲವೆನ್ನಬೇಕಾಗುತ್ತದೆ. ೨೦೧೮ರಲ್ಲಿ "ಕಾಗ್ನಿಟಿವ್ ಸೈನ್ಸ್" ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಸ್ಥಿರವಾದ "ನಾನು" ಎಂಬುದೇ ಇಲ್ಲವೆಂದು ಅಭ್ಯಾಸಮಾಡುವ ಟಿಬೆಟನ್ ಬೌದ್ಧ ಭಿಕ್ಷುಗಳನ್ನು ಹಿಂದುಗಳೊಡನೆಯೂ ಅಮೆರಿಕನರೊಡನೆಯೂ ಹೋಲಿಸಿ ನೋಡಿದರು. ಭಿಕ್ಷುಗಳಲ್ಲಿ ಈ ಭಯವು ಕಡಿಮೆ ಇರುವುದೆಂದು ಎಲ್ಲರೂ ಊಹಿಸುವರಷ್ಟೆ. ಫಲಿತಾಂಶವು ತದ್ವಿರುದ್ಧವಾಗಿತ್ತು: "ನಾನು" ಅಳಿದುಹೋಗುವೆನೆಂಬ ಭಯ ಅವರಲ್ಲಿಯೇ ಹೆಚ್ಚಾಗಿ ಕಂಡುಬಂದಿತು. ಇದರಿಂದ ಅವರ ಮತವು ಹುಸಿಯೆಂದು ಹೇಳಬೇಕಾಗಿಲ್ಲ. ಬುದ್ಧಿಯು ಒಪ್ಪಿದುದನ್ನು ಎದೆಯು ಒಪ್ಪಲು ಬಹಳ ಕಾಲ ಬೇಕು. ಅದು ಯಾವ ಮತದವರಿಗೂ ಸುಲಭವಲ್ಲ ಎಂದಷ್ಟೇ ತಿಳಿಯಬೇಕು. ನನ್ನ ಉಪದೇಶವು ತಾತನವರಿಗೆ ಏಕೆ ಹಿಡಿಸಲಿಲ್ಲವೆಂಬುದಕ್ಕೆ ಇದೂ ಒಂದು ಕಾರಣವಿರಬೇಕು.

ಎರಡನೆಯದು ಪರಲೋಕದ ಭಯ. ನಮ್ಮಲ್ಲಿ ಸತ್ತವರ ಮನೆಯಲ್ಲಿ ಸೂತಕದ ದಿನಗಳಲ್ಲಿ ಗರುಡಪುರಾಣವನ್ನು ಓದಿಸುವ ವಾಡಿಕೆಯುಂಟು. ಅದರಲ್ಲಿ ಬರುವ ಯಮಲೋಕದ ಯಾತನೆಗಳನ್ನು ಎಳೆಯ ವಯಸ್ಸಿನಲ್ಲಿ ಕೇಳಿದವರು ಮುಪ್ಪಿನಲ್ಲಿ ನೆನೆಸಿಕೊಂಡು ನಡುಗುವುದು ಸಹಜ. ಇಸ್ಲಾಮಿನಲ್ಲಿಯೂ ಕ್ರೈಸ್ತಮತದಲ್ಲಿಯೂ ಅಂತಿಮ ತೀರ್ಪಿನ ದಿನವಿದೆ. ಆದರೆ ಭಯವನ್ನು ಹೇಳಿದ ಮತಗಳೇ ಅಭಯವನ್ನೂ ಹೇಳಿವೆ. ಕುರಾನಿನ ೧೧೪ ಅಧ್ಯಾಯಗಳಲ್ಲಿ ಒಂದನ್ನುಳಿದು ಮಿಕ್ಕೆಲ್ಲವೂ ದಯಾಮಯನಾದ ದೇವರ ಹೆಸರಿನಿಂದಲೇ ಮೊದಲಾಗುತ್ತವೆ. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ್ದ ಅಪರಾಧಿಯೊಬ್ಬನಿಗೆ ಕೊನೆಯ ಗಳಿಗೆಯಲ್ಲಿ ಸ್ವರ್ಗದ ಭರವಸೆ ದೊರೆಯಿತೆಂದು ಲೂಕನ ಸುವಾರ್ತೆಯು ತಿಳಿಸುತ್ತದೆ. ನಮ್ಮ ಅಜಾಮಿಳನ ಕಥೆಯಾದರೂ ಬೇರೆ ಏನನ್ನು ಹೇಳುತ್ತದೆ?

ಜೈನರು ಇದನ್ನು ಒಂದು ಶಿಸ್ತನ್ನಾಗಿಯೇ ಮಾಡಿದರು. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದವರು ಬಂಡೆಯ ಮೇಲೆ ಕೊರೆದ ಹಳೆಯ ಶಾಸನಗಳನ್ನು ನೋಡಿರಬಹುದು. ಅವುಗಳಲ್ಲಿ ಅನೇಕವು ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟವರ ನೆನಪಿಗಾಗಿ ಬರೆಸಿದುವು. ತಪ್ಪಿಸಲಾಗದ ವಿಪತ್ತು, ಕ್ಷಾಮ, ಮುಪ್ಪು, ವಾಸಿಯಾಗದ ರೋಗ ಇವು ಒದಗಿದಾಗ ಮಾತ್ರ ಇದನ್ನು ಕೈಗೊಳ್ಳಬೇಕೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವಿಧಿಸುತ್ತದೆ. ಈ ವ್ರತವು ನ್ಯಾಯಾಲಯದ ವರೆಗೂ ಹೋಯಿತು: ೨೦೧೫ರಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಅದನ್ನು ಅಪರಾಧವೆಂದಿತು, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಆ ಚರ್ಚೆ ಇಲ್ಲಿ ಬೇಡ. ನನ್ನ ಮನಸ್ಸಿಗೆ ಹಿಡಿದುದು ವ್ರತದ ಮೊದಲ ಮೆಟ್ಟಿಲು. ಸ್ನೇಹ, ವೈರಗಳೆರಡನ್ನೂ ಬಿಟ್ಟು, ಬಂಧುಗಳನ್ನೂ ಆಳುಕಾಳುಗಳನ್ನೂ ಕ್ಷಮಿಸಿ, ಅವರಿಂದ ಕ್ಷಮೆಯನ್ನು ಬೇಡಬೇಕೆಂಬುದೇ ಅದು. ಲೆಕ್ಕವನ್ನು ಇಲ್ಲಿಯೇ ತೀರಿಸಿಕೊಂಡವನಿಗೆ ಅಲ್ಲಿನ ಲೆಕ್ಕದ ಭಯ ಕಡಿಮೆಯಲ್ಲವೆ?

ಮೂರನೆಯದು ನೋವಿನ ಭಯ. ಇದಕ್ಕೆ ತತ್ತ್ವಜ್ಞಾನಕ್ಕಿಂತ ವೈದ್ಯವೇ ಹೆಚ್ಚು ಸಹಾಯಕ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು ೧೯೬೭ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದರು. ವಾಸಿಯಾಗದ ರೋಗಿಗಳಿಗೆ, ನೋವು ಮರುಕಳಿಸುವ ಮೊದಲೇ, ಹೊತ್ತುಹೊತ್ತಿಗೆ ಸರಿಯಾಗಿ ಔಷಧ ಕೊಟ್ಟರೆ ಅವರು ಕೊನೆಯ ತನಕ ಎಚ್ಚರದಿಂದಲೂ ನೆಮ್ಮದಿಯಿಂದಲೂ ಇರಬಲ್ಲರೆಂದು ತೋರಿಸಿದರು. ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಪರಮಾರ್ಥದ ತಳಮಳ ಇವು ನಾಲ್ಕೂ ಒಂದೇ ನೋವಿನ ಮುಖಗಳೆಂಬುದು ಅವರ ಮುಖ್ಯ ಬೋಧೆ. ನಮ್ಮ ದೇಶದಲ್ಲಿ ೧೯೮೬ರಲ್ಲಿ ಮುಂಬಯಿಯಲ್ಲಿ ಇಂಥ ಮೊದಲ ಆಶ್ರಯವಾದ ಶಾಂತಿ ಅವೇದನಾ ಸದನ ಹುಟ್ಟಿತು. ಬೆಂಗಳೂರಿನ ಕರುಣಾಶ್ರಯವೂ ಇದೇ ಬಗೆಯದು. ನೋವಡಗಿಸುವ ಮಾರ್ಫಿನ್ ೧೯೮೫ರ ಮಾದಕದ್ರವ್ಯ ಕಾನೂನಿನ ಬಿಗಿಯಿಂದಾಗಿ ರೋಗಿಗಳಿಗೆ ದೊರೆಯುವುದೇ ಕಷ್ಟವಾಗಿತ್ತು. ೨೦೧೪ರ ತಿದ್ದುಪಡಿಯು ಆ ದಾರಿಯನ್ನು ಸುಗಮಗೊಳಿಸಿತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಒಂದು ಅಂಗವೆಂದು ಹೇಳಿ, ಕೊನೆಗಾಲದಲ್ಲಿ ತನಗೆ ಎಂಥ ಚಿಕಿತ್ಸೆ ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡುವುದಕ್ಕೂ ಮಾನ್ಯತೆ ಕೊಟ್ಟಿತು.

ನಾಲ್ಕನೆಯದು ಅಗಲಿಕೆಯ ಭಯ. ನಮ್ಮ ಹಳ್ಳಿಗಳಲ್ಲಿರುವ ವೀರಗಲ್ಲುಗಳನ್ನು ನೋಡಿರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಊರು ತನ್ನನ್ನು ಮರೆಯುವುದಿಲ್ಲವೆಂಬ ನಂಬಿಕೆಯೂ ಆ ವೀರನ ಎದೆಗೆ ಒಂದು ಬಲವೇ ಆಗಿದ್ದಿತು. ಸತ್ತ ಮಗುವನ್ನೆತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧನು, ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಹೇಳಿದ ಕಥೆಯನ್ನು ಎಲ್ಲರೂ ಬಲ್ಲರು. ಬುದ್ಧನು ಅವಳಿಗೆ ಪರಲೋಕದ ವಿಚಾರವನ್ನೇ ಎತ್ತಲಿಲ್ಲವೆಂಬುದು ಗಮನಾರ್ಹ. ಮನೆಮನೆಗೂ ಹೋಗಿ ಕೇಳುವಾಗ ದುಃಖದಲ್ಲಿ ತಾನು ಒಬ್ಬಂಟಿಯಲ್ಲವೆಂಬುದು ಅವಳಿಗೇ ತಿಳಿಯಿತು.

ಈಗ ತಾತನವರ ವಿಷಯಕ್ಕೆ ಬರುತ್ತೇನೆ. ಮೂರು ನಾಲ್ಕು ದಿನಗಳು ಕಳೆದ ಮೇಲೆ, ಉಪದೇಶಮಾಡುವುದನ್ನು ಬಿಟ್ಟು, "ಯಾವುದಕ್ಕೆ ಹೆದರಿಕೆ ತಾತ?" ಎಂದು ಕೇಳಿದೆ. ಅವರು ಹೇಳಿದುದರಲ್ಲಿ ಆತ್ಮದ ಮಾತೇ ಇರಲಿಲ್ಲ. ರಾತ್ರಿ ಉಸಿರು ಕಟ್ಟಿದಂತಾಗುತ್ತದೆ, ಆಗ ಯಾರೂ ಎಚ್ಚರವಿರದಿದ್ದರೆ ಏನು ಗತಿ ಎಂಬುದೊಂದು. ಹೊಲದ ಬದುವಿನ ಜಗಳದಿಂದ ಬಹಳ ವರ್ಷಗಳಿಂದ ಮಾತು ಬಿಟ್ಟಿದ್ದ ತಮ್ಮನನ್ನು ನೋಡದೆಯೇ ಹೋಗಬೇಕಾದೀತೆಂಬುದು ಇನ್ನೊಂದು. ವೈದ್ಯರನ್ನು ಕರೆಸಿದೆವು, ಅವರು ಔಷಧ ಬದಲಿಸಿ, ತಲೆಯ ಕಡೆ ಎತ್ತರಿಸಿ ಮಲಗಿಸಲು ಹೇಳಿದರು. ದೀಪವನ್ನು ಆರಿಸದೆ ಸರದಿಯ ಮೇಲೆ ಎಚ್ಚರವಾಗಿರತೊಡಗಿದೆವು. ಚಿಕ್ಕತಾತನವರು ಒಂದು ಸಂಜೆ ಬಂದರು. ಬದುವಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಳೆಯ ಮಾತು, ತಮ್ಮ ತಾಯಿಯ ಮಾತು ಆಡಿದರು. ತಾತನವರು ಮುಂದೆ ಹದಿನೈದು ದಿನ ಬದುಕಿದ್ದರು. ಅವರ ಹೆದರಿಕೆಯೆಲ್ಲ ಹೋಯಿತೆಂದು ನಾನು ಹೇಳಲಾರೆ. ಆದರೆ ನನ್ನ ಕೈಯನ್ನು ಹಿಡಿದ ಅವರ ಹಿಡಿತ ಮೊದಲಿನಷ್ಟು ಬಿಗಿಯಾಗಿರಲಿಲ್ಲ.

ಬೇರೆ ನಂಬಿಕೆಯವರ ಹಾಸಿಗೆಯ ಬಳಿ ಕುಳಿತುಕೊಳ್ಳಬೇಕಾದ ಸಂದರ್ಭ ನಮ್ಮಲ್ಲಿ ಯಾರಿಗಾದರೂ ಬರಬಹುದು. ಆಗ ನಮ್ಮ ಮತವನ್ನು ಅವರ ಮೇಲೆ ಹೇರುವುದೂ ತಪ್ಪು, ಅವರ ನಂಬಿಕೆಯನ್ನು ತರ್ಕದಿಂದ ಕೀಳುವುದೂ ತಪ್ಪು. ಮೊದಲು ಕೇಳಬೇಕು, ಯಾವ ಭಯವೆಂದು ತಿಳಿದುಕೊಳ್ಳಬೇಕು, ಅವರ ಮತದಲ್ಲಿಯೇ ಇರುವ ಅಭಯವನ್ನು ನೆನಪಿಗೆ ತರಬೇಕು. ಹಿಂದುಗಳು ಬಾಯಿಗೆ ತುಲಸಿಯ ನೀರು ಬಿಡುತ್ತಾರೆ. ಮುಸಲ್ಮಾನರು ತುಟಿ ಒದ್ದೆಮಾಡಿ ಕಿವಿಯ ಬಳಿ ಕಲಿಮಾ ಹೇಳುತ್ತಾರೆ. ಕ್ರೈಸ್ತರಲ್ಲಿ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಪ್ರದಾಯವಿದೆ. ಪರಲೋಕದ ಬಗೆಗೆ ಇವರ ಅಭಿಪ್ರಾಯಗಳು ಬೇರೆಬೇರೆಯಾದರೂ ಇಹದಲ್ಲಿ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ: ಹತ್ತಿರ ಒಬ್ಬರು ಕುಳಿತಿರುವುದು, ಮುಟ್ಟುವುದು, ಪರಿಚಿತವಾದ ಮಾತೊಂದನ್ನು ಕಿವಿಯಲ್ಲಿ ಹೇಳುವುದು. ಸಾವಿನ ಆಚೆಗೆ ಏನಿದೆಯೆಂಬುದನ್ನು ಪಂಡಿತರು ವಿಚಾರಮಾಡುತ್ತಿರಲಿ. ಈಚೆಯ ದಡದಲ್ಲಿ ನಿಂತವರ ಕೈ ಹಿಡಿಯುವುದು ನಮ್ಮೆಲ್ಲರಿಂದಲೂ ಆಗುವ ಕೆಲಸ.